ಮೊಲದ ಹೊಟ್ಟೆಯ ಜಾಡ್ಯ: ದನದ ಚಿಕಿತ್ಸೆಯು ಮೊಲಕ್ಕೆ ಸಲ್ಲದು

ಮನೆಯಲ್ಲಿ ಮೊಲಗಳನ್ನು ಸಾಕಿದವರಿಂದ ಪದೇ ಪದೇ ಕೇಳಿಬರುವ ದೂರು ಒಂದುಂಟು. ಮೇವು ಮುಟ್ಟದೆ ಮೂಲೆಯಲ್ಲಿ ಮುದುಡಿ ಕುಳಿತ ಮೊಲವನ್ನು ಪಶುವೈದ್ಯರಲ್ಲಿಗೆ ಒಯ್ದರೆ, ಒಂದು ದಿನ ಉಪವಾಸವಿಡುವಂತೆ ಹೇಳಿ, ಯಾವುದೋ ಔಷಧವನ್ನು ಕೊಟ್ಟು ಕಳುಹಿಸುತ್ತಾರೆ. ಎರಡು ಮೂರು ದಿನಗಳಲ್ಲಿ ಮೊಲವು ಸಾಯುತ್ತದೆ. ಈ ಅಸಮಾಧಾನವು ನಿರಾಧಾರವಾದುದಲ್ಲ. ಆದರೆ ವೈದ್ಯರ ಅಭ್ಯಾಸವು ಬಹುಮಟ್ಟಿಗೆ ದನ, ಎಮ್ಮೆ, ಕುರಿಗಳಲ್ಲಿಯೇ ನಡೆಯುವುದರಿಂದ, ಮೊಲವನ್ನು ಸಾಕುವವರು ತಾವೂ ಈ ಕೆಳಗಣ ಸಂಗತಿಗಳನ್ನು ತಿಳಿದಿರತಕ್ಕದ್ದು.

ಜೀರ್ಣಕ್ರಮ.— ಮೊಲವು ಹಸುವಿನಂತೆ ಮೆಲುಕು ಹಾಕುವ ಪ್ರಾಣಿಯಲ್ಲ. ಸಣ್ಣ ಕರುಳೂ ದೊಡ್ಡ ಕರುಳೂ ಕೂಡುವೆಡೆಯಲ್ಲಿ ಅದಕ್ಕೆ ಒಂದು ದೊಡ್ಡ ಚೀಲವಿದ್ದು, ಅಲ್ಲಿನ ಸೂಕ್ಷ್ಮಜೀವಿಗಳು ಮೇವನ್ನು ಹುದುಗಿಸುತ್ತವೆ. ಅಲ್ಲಿಂದ ಬರುವ ಮೆತ್ತನೆಯ ಹಿಕ್ಕೆಯನ್ನು ಮೊಲವು ಮರಳಿ ತಿನ್ನುತ್ತದೆ. ಇದು ರೋಗವಲ್ಲ; ಮೊರೊ ಎಂಬ ಫ್ರೆಂಚ್ ಪಶುವೈದ್ಯರು 1882ರಲ್ಲಿಯೇ ಇದನ್ನು ವಿವರಿಸಿದ್ದರು. ಮೊಲವು ವಾಂತಿಮಾಡಲಾರದು. ಒರಟು ನಾರೇ ಅದರ ಕರುಳನ್ನು ನಡೆಸುವುದು. ನಾರು ಕಡಮೆಯಾದರೂ, ಹಲ್ಲುನೋವಿದ್ದರೂ, ನಾಯಿಯ ಭಯವುಂಟಾದರೂ ಕರುಳಿನ ಚಲನೆಯು ನಿಲ್ಲಬಹುದು.

ಮಾಡಕೂಡದ ಚಿಕಿತ್ಸೆಗಳು.—
1. ಉಪವಾಸವಿಡಕೂಡದು. ಹೊಟ್ಟೆಗೆ ಮೇವು ಬೀಳದಿದ್ದರೆ ನಿಂತ ಕರುಳು ಮತ್ತಷ್ಟು ನಿಲ್ಲುವುದು, ಯಕೃತ್ತೂ ಕೆಡುವುದು.
2. ಪೆನ್ಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಲಿಂಕೊಮೈಸಿನ್, ಕ್ಲಿಂಡಮೈಸಿನ್ ಇವುಗಳನ್ನು ಬಾಯಿಯ ಮೂಲಕ ಕೊಡಿಸಕೂಡದು. ಇವು ಉಪಯುಕ್ತ ಸೂಕ್ಷ್ಮಜೀವಿಗಳನ್ನು ಕೊಂದು, ವಿಷವನ್ನುಂಟುಮಾಡುವ ಜೀವಿಗಳಿಗೆ ಎಡೆಗೊಡುತ್ತವೆ. ಭೇದಿಯಾಗಿ ಪ್ರಾಣಹಾನಿ ಸಂಭವಿಸುತ್ತದೆ.
3. ಹೊಟ್ಟೆಯಲ್ಲಿ ಕೂದಲಿನ ಗಂಟಿದೆಯೆಂದು ಅವಸರದಿಂದ ಶಸ್ತ್ರಚಿಕಿತ್ಸೆ ಮಾಡಿಸಕೂಡದು. ಕೂದಲು ಆರೋಗ್ಯವಂತ ಮೊಲದ ಹೊಟ್ಟೆಯಲ್ಲಿಯೂ ಇರುವುದು. ಕರುಳು ನಿಂತು ನೀರು ಆರಿದ್ದರಿಂದ ಅದು ಗಂಟಾಗುತ್ತದೆ; ಸಾಮಾನ್ಯವಾಗಿ ಗಂಟು ರೋಗದ ಫಲವೇ ಹೊರತು ಮೂಲವಲ್ಲ.

ಮಾಡತಕ್ಕದ್ದು.— ಹತ್ತು ಹನ್ನೆರಡು ಗಂಟೆಗಳ ಕಾಲ ಮೊಲವು ತಿನ್ನದೆ ಹಿಕ್ಕೆ ಹಾಕದೆ ಇದ್ದರೆ, ಬೆಳಗಾಗಲೆಂದು ಕಾಯಬಾರದು. ಮೊದಲು ಹೊಟ್ಟೆಯನ್ನು ಮೃದುವಾಗಿ ಮುಟ್ಟಿ ನೋಡಬೇಕು. ಅದು ಇದ್ದಕ್ಕಿದ್ದಂತೆ ಉಬ್ಬಿ ತಮಟೆಯಂತೆ ಬಿಗಿದಿದ್ದರೆ ಕರುಳು ಕಟ್ಟಿರುವ ಸಂಭವವುಂಟು. ಆಗ ಬಲವಂತವಾಗಿ ಏನನ್ನೂ ತಿನ್ನಿಸದೆ ಕೂಡಲೇ ವೈದ್ಯರಲ್ಲಿಗೆ ಒಯ್ಯತಕ್ಕದ್ದು. ಕಟ್ಟಿಲ್ಲವೆಂದು ವೈದ್ಯರು ನಿಶ್ಚಯಿಸಿದ ಮೇಲೆ ಬೇಕಾದುವು ನಾಲ್ಕು: ನೋವನ್ನಡಗಿಸುವ ಔಷಧ, ಚರ್ಮದಡಿ ಉಪ್ಪುನೀರಿನ ಚುಚ್ಚುಮದ್ದು, ಮೈಗೆ ಬೆಚ್ಚಗೆ, ಒಣಹುಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಸೂಜಿಯಿಲ್ಲದ ಪಿಚಕಾರಿಯಿಂದ ಬಾಯಿಯ ಪಕ್ಕದಲ್ಲಿ ಸ್ವಲ್ಪಸ್ವಲ್ಪವಾಗಿ ತಿನ್ನಿಸುವುದು. ಮೊಲದ ಮೈಶಾಖವು ಸಹಜವಾಗಿ 101ರಿಂದ 104 ಡಿಗ್ರಿ ಫ್ಯಾರನ್‌ಹೀಟ್ ಇರುವುದು. 100ಕ್ಕಿಂತ ಕೆಳಗಿಳಿದರೆ ಅಪಾಯವೆಂದು ತಿಳಿಯಬೇಕು. ಹಿಂದಿನ ದವಡೆಯ ಹಲ್ಲುಗಳನ್ನೂ ನೋಡಿಸಬೇಕು. ಅವು ಆಜೀವ ಬೆಳೆಯುವುವಾದುದರಿಂದ ಮೊನಚಾಗಿ ನಾಲಗೆಗೆ ಚುಚ್ಚುವುದುಂಟು.

ಮುನ್ನೆಚ್ಚರಿಕೆ.— ಒಣಗಿಸಿದ ಗರಿಕೆ ಮೊದಲಾದ ಹುಲ್ಲೂ ಶುದ್ಧವಾದ ನೀರೂ ಹಗಲಿರುಳು ಗೂಡಿನಲ್ಲಿರಬೇಕು. ಅನ್ನ, ರೊಟ್ಟಿ, ಬೆಲ್ಲ, ಕಾಳುಗಳನ್ನು ಪ್ರೀತಿಯಿಂದ ತಿನ್ನಿಸುವುದೇ ಅನೇಕ ಜಾಡ್ಯಗಳಿಗೆ ಮೂಲ. ಹೊಸ ಮೇವನ್ನು ಕ್ರಮಕ್ರಮವಾಗಿ ರೂಢಿಮಾಡಿಸಬೇಕು.

ಗ್ರಾಮದ ಮುಖ್ಯಸ್ಥರು ಸುತ್ತಮುತ್ತ ಮೊಲದ ಚಿಕಿತ್ಸೆಯಲ್ಲಿ ಅನುಭವವುಳ್ಳ ವೈದ್ಯರು ಯಾರೆಂಬುದನ್ನು ಮೊದಲೇ ವಿಚಾರಿಸಿಟ್ಟುಕೊಂಡು, ಮೊಲ ಸಾಕುವವರಿಗೆ ತಿಳಿಸುವುದು ಉಚಿತ. ವೈದ್ಯರನ್ನು ಕಂಡಾಗ, ಕೊಡುವ ಔಷಧದ ಹೆಸರೇನು, ಅದು ಮೊಲಕ್ಕೆ ಸಲ್ಲುವುದೇ ಎಂದು ವಿನಯದಿಂದ ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ. ಆ ಒಂದು ಪ್ರಶ್ನೆಯಿಂದ ಎಷ್ಟೋ ಮೊಲಗಳ ಪ್ರಾಣ ಉಳಿಯಬಹುದು.