ಪ್ಯಾನೆಲ್ ಸತ್ತಿದೆ ಎನ್ನುವ ಮುನ್ನ

ತೀರ್ಥಹಳ್ಳಿ ಕಡೆಯ ನೆಂಟರ ಮನೆಯಲ್ಲಿ ಕೊಟ್ಟಿಗೆ ಮಾಡಿನ ಮೇಲೆ ಒಂದು ಸೋಲಾರ್ ಪ್ಯಾನೆಲ್ ವರ್ಷಗಟ್ಟಲೆ ಸುಮ್ಮನೆ ಬಿದ್ದಿತ್ತು. ಅಂಚಿಗೆ ಪಾಚಿ, ಮೇಲೆಲ್ಲ ಅಡಿಕೆ ಮರದ ಕಸ. "ಅದು ಹೋಗಿ ಕಾಲವಾಯ್ತು ಮಾರಾಯ್ರೆ, ಗುಜರಿಯವ ಬಂದಾಗ ಕೊಟ್ಟುಬಿಡೋದೇ" ಎಂದರು ಯಜಮಾನರು. ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಅಂಗಳದ ಬಿಸಿಲಿಗೆ ಒರಗಿಸಿ ಮಲ್ಟಿಮೀಟರಿನ ಕಡ್ಡಿ ತಾಗಿಸಿದೆವು. 20 ವೋಲ್ಟ್ ತೋರಿಸಿತು. 12 ವೋಲ್ಟಿನ ಬ್ಯಾಟರಿಗೆಂದು ಮಾಡಿದ ಪ್ಯಾನೆಲ್ ಹೊಸದಿದ್ದಾಗ ತೋರಿಸುವುದೂ ಹೆಚ್ಚುಕಡಿಮೆ ಅಷ್ಟೇ. ಸತ್ತಿದ್ದು ಬ್ಯಾಟರಿ, ಪ್ಯಾನೆಲ್ ಅಲ್ಲ.

ದೀಪ ಹತ್ತದಿದ್ದರೆ ಪ್ಯಾನೆಲ್ ಕೆಟ್ಟಿದೆ ಎಂಬುದು ನಮ್ಮ ಹಳ್ಳಿಗಳಲ್ಲಿ ಬೇರುಬಿಟ್ಟ ತಪ್ಪು ತಿಳಿವಳಿಕೆ. ಸೀಸದ ಬ್ಯಾಟರಿಯ ಆಯಸ್ಸು ಕೆಲವೇ ವರ್ಷ, ಪ್ಯಾನೆಲ್‌ನದು ಹಲವು ದಶಕ. ಮೊದಲು ಕೈಕೊಡುವುದು ಯಾವುದೆಂದು ಬೇರೆ ಹೇಳಬೇಕಿಲ್ಲ. ಬ್ಯಾಟರಿ ಸರಿಯಿದ್ದರೆ ಚಾರ್ಜ್ ಕಂಟ್ರೋಲರ್ ನೋಡಿ, ಸಡಿಲವಾದ ವೈರ್ ನೋಡಿ. ಪ್ಯಾನೆಲ್‌ನಲ್ಲೇ ದೋಷವಿದ್ದರೂ ಅದು ಅನೇಕ ಸಲ ಬೆನ್ನಿಗಿರುವ ಪುಟ್ಟ ಜಂಕ್ಷನ್ ಬಾಕ್ಸಿನೊಳಗೆ ಇರುತ್ತದೆ. ಎರಡು ಡಯೋಡ್ ಇರುವ ಸಣ್ಣ ಪ್ಯಾನೆಲ್‌ನಲ್ಲಿ ಒಂದು ಡಯೋಡ್ ಸುಟ್ಟು ಶಾರ್ಟ್ ಆದರೆ 20 ವೋಲ್ಟ್ ಬರಬೇಕಾದಲ್ಲಿ 10ರ ಆಸುಪಾಸು ಬರುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಆ ಡಯೋಡ್ ಬದಲಿಸಿದರೆ ಪ್ಯಾನೆಲ್ ಮತ್ತೆ ಪೂರ್ತಿ ದುಡಿಯುತ್ತದೆ. ಆದರೆ ವೋಲ್ಟ್ ನೋಡಿಯೇ ತೀರ್ಪು ಕೊಡಬಾರದು. ಸೊರಗಿದ ಪ್ಯಾನೆಲ್ ಕೂಡ ವೋಲ್ಟ್ ಚೆನ್ನಾಗಿಯೇ ತೋರಿಸುತ್ತದೆ, ಅದರ ಬಣ್ಣ ಬಯಲಾಗುವುದು ಆಂಪಿಯರ್ ಅಳೆದಾಗ. ಬೆನ್ನಿನ ಚೀಟಿಯಲ್ಲಿ ಬರೆದ ಆಂಪಿಯರಿಗೂ ನಡುಹಗಲ ಬಿಸಿಲಿನಲ್ಲಿ ಬಂದದ್ದಕ್ಕೂ ಹೋಲಿಸಿದರೆ ಅದರ ನಿಜವಾದ ತಾಕತ್ತು ತಿಳಿಯುತ್ತದೆ. ಇದೆಲ್ಲ ಒಂಟಿ ಸಣ್ಣ ಪ್ಯಾನೆಲ್‌ನ ಮಾತು. ತಾರಸಿಯ ಮೇಲೆ ಸಾಲಾಗಿ ಜೋಡಿಸಿದವುಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಸ್ವಿಚ್ ಆರಿಸಿದರೂ ಬೆಳಕಿರುವಷ್ಟು ಹೊತ್ತು ಆ ವೈರಿನಲ್ಲಿ ಜೀವ ಇದ್ದೇ ಇರುತ್ತದೆ. ಅದನ್ನು ತಿಳಿದವರೇ ಮುಟ್ಟಬೇಕು.

"25 ವರ್ಷ ಆದಮೇಲೆ ಪ್ಯಾನೆಲ್ ಕಸ" ಎಂಬುದು ಪೇಟೆಯವರ ನಂಬಿಕೆ. 25 ಎಂಬುದು ಗ್ಯಾರಂಟಿಯ ಲೆಕ್ಕ, ಸಾವಿನ ದಿನಾಂಕವಲ್ಲ. ಅಷ್ಟು ವರ್ಷ ಕಳೆದರೂ ಮೂಲ ಸಾಮರ್ಥ್ಯದ ಸುಮಾರು ಶೇ. 80 ಭಾಗ ಉಳಿದಿರುತ್ತದೆ ಎಂದು ತಯಾರಕರು ಬರೆದುಕೊಡುವ ಮಾತು ಅದು. ಸಾಮಾನ್ಯವಾಗಿ ಪ್ಯಾನೆಲ್ ವರ್ಷಕ್ಕೆ ಶೇ. 0.5ರ ಹತ್ತಿರ ಸವೆಯುತ್ತದೆ. 300 ವಾಟಿನದು 240 ವಾಟಿಗೆ ಇಳಿದರೆ ದೊಡ್ಡ ಸ್ಥಾವರಕ್ಕೆ ಅದು ನಷ್ಟ. ಅಲ್ಲಿ ಜಾಗ, ಕಂಬಿ, ಕೂಲಿ ಎಲ್ಲಕ್ಕೂ ಲೆಕ್ಕವಿದೆ. ಅದೇ 240 ವಾಟ್ ಒಂದು ಮನೆಯ ದೀಪ, ಫ್ಯಾನ್, ಮೊಬೈಲಿಗೆ ಧಾರಾಳ.

ಹಳೆಯದನ್ನೆಲ್ಲ ಹೀಗೆಯೇ ಬಳಸಬಹುದೆಂದು ಹೊರಟರೆ ಅದೂ ತಪ್ಪೇ. ಗಾಜು ಒಡೆದದ್ದು, ಬೆನ್ನಿನ ಹಾಳೆ ಬಿರುಕುಬಿಟ್ಟದ್ದು, ಒಳಗೆ ಸುಟ್ಟ ಕಲೆ ಇರುವುದು ಬೇಡ. ನೀರು ಇಳಿದು ಶಾಕ್ ಹೊಡೆಯುತ್ತದೆ, ಬೆಂಕಿಗೂ ದಾರಿಯಾಗುತ್ತದೆ. ಹಳೆಯದನ್ನು ಹೊಸದರ ಜೊತೆ ಒಂದೇ ಸಾಲಿನಲ್ಲಿ ಸೇರಿಸಿದರೆ ಬಡಕಲು ಎತ್ತಿಗೆ ಕಟ್ಟುಮಸ್ತಾದ ಎತ್ತನ್ನು ಕಟ್ಟಿದಂತೆ, ಇಡೀ ಸಾಲಿನ ಕರೆಂಟು ಸೊರಗಿದ್ದರ ಮಟ್ಟಕ್ಕೆ ಇಳಿಯುತ್ತದೆ.

ಇನ್ನು ಗುಜರಿಯ ವಿಷಯ. "ಗುಜರಿಯವರು ಒಯ್ಯುತ್ತಾರಲ್ಲ, ಅದೇ ಮರುಬಳಕೆ" ಎನ್ನುತ್ತೇವೆ. ಗುಜರಿ ಅಂಗಳದಲ್ಲಿ ನಡೆಯುವುದನ್ನು ನಿಂತು ನೋಡಿದ್ದೇನೆ. ಅಲ್ಯೂಮಿನಿಯಂ ಚೌಕಟ್ಟನ್ನು ಸುತ್ತಿಗೆಯಿಂದ ಬಡಿದು ಕಳಚುತ್ತಾರೆ, ತಾಮ್ರದ ವೈರ್ ಕತ್ತರಿಸುತ್ತಾರೆ, ಉಳಿದ ಗಾಜಿನ ಹಾಳೆ ಪುಡಿಯಾಗಿ ಮೂಲೆಗೆ ಬೀಳುತ್ತದೆ. ಸಾಮಾನ್ಯ ಸಿಲಿಕಾನ್ ಪ್ಯಾನೆಲ್‌ನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಗಾಜು, ಅಲ್ಯೂಮಿನಿಯಂ ಶೇ. 8, ಸಿಲಿಕಾನ್ ಶೇ. 5ರಷ್ಟು, ತಾಮ್ರ ಶೇ. 1. ಬೆಳ್ಳಿ ಶೇ. 0.1ಕ್ಕಿಂತಲೂ ಕಡಿಮೆ ಇದ್ದರೂ ಬೆಲೆಯಲ್ಲಿ ಅದರದೇ ದೊಡ್ಡ ಪಾಲು. ಗುಜರಿಯಲ್ಲಿ ಈ ಬೆಳ್ಳಿ, ಸಿಲಿಕಾನ್ ಎರಡೂ ಮಣ್ಣುಪಾಲು.

ಅವನ್ನು ತೆಗೆಯಲು ಬರುವುದೇ ಇಲ್ಲ ಎಂಬ ಮಾತೂ ನಿಜವಲ್ಲ. ತೆಗೆಯುವುದು ಕಷ್ಟ, ಅಷ್ಟೆ. ಗಾಜು ಮತ್ತು ಸಿಲಿಕಾನ್ ಬಿಲ್ಲೆಗಳನ್ನು ಇವಿಎ ಎಂಬ ಪ್ಲಾಸ್ಟಿಕ್ ಪದರ ಮಳೆಬಿಸಿಲಿಗೆ ಜಗ್ಗದಂತೆ ಅಂಟಿಸಿರುತ್ತದೆ. ದಶಕಗಟ್ಟಲೆ ಪ್ಯಾನೆಲನ್ನು ಕಾಯ್ದ ಆ ಅಂಟೇ ಕೊನೆಗೆ ಬಿಡಿಸಲು ಅಡ್ಡಿ. ಕಾಯಿಸಿ, ಅರೆದು, ರಾಸಾಯನಿಕದಲ್ಲಿ ಕರಗಿಸಿ ಬೇರ್ಪಡಿಸಬೇಕು. ಫ್ರಾನ್ಸಿನ ರೂಸೆಯಲ್ಲಿ 2018ರಲ್ಲೇ ಪ್ಯಾನೆಲ್‌ಗಳಿಗೆಂದೇ ಮರುಬಳಕೆ ಘಟಕ ಶುರುವಾಯಿತು. ಯುರೋಪಿನಲ್ಲಿ ಪ್ಯಾನೆಲ್ ಮಾರಿದವರೇ ಅದರ ಕೊನೆಗಾಲದ ಖರ್ಚನ್ನೂ ಹೊರಬೇಕೆಂಬ ಕಾನೂನಿದೆ.

"ಪ್ಯಾನೆಲ್ ತುಂಬ ವಿಷ" ಎಂಬ ಭಯವನ್ನೂ ಅಳತೆಗೆ ತರಬೇಕು. ಸಿಲಿಕಾನ್ ಪ್ಯಾನೆಲ್‌ನ ಬೆಸುಗೆಯಲ್ಲಿ ತುಸು ಸೀಸವಿದೆ, ಒಂದು ಬಗೆಯ ತೆಳುಪದರದ ಪ್ಯಾನೆಲ್‌ಗಳಲ್ಲಿ ಕ್ಯಾಡ್ಮಿಯಂ ಇದೆ. ಇಡಿಯಾಗಿ ಮಾಡಿನ ಮೇಲಿರುವಾಗ ಅವು ಹೊರಬರುವುದಿಲ್ಲ. ಒಡೆದು ತಿಪ್ಪೆಗೆ ಎಸೆದಾಗ, ಬೆಂಕಿ ಹಚ್ಚಿದಾಗಲೇ ಅಪಾಯ.

ವರ್ತುಲ ಆರ್ಥಿಕತೆ ಎಂಬ ದೊಡ್ಡ ಹೆಸರಿನ ತಿರುಳು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಸೀರೆ ಉಡುವಷ್ಟು ದಿನ ಉಟ್ಟು, ಹಳತಾದ ಮೇಲೆ ಕೌದಿ ಹೊಲಿದು, ಕೌದಿ ಹರಿದ ಮೇಲೆ ಒರೆಸುವ ಬಟ್ಟೆ ಮಾಡುತ್ತಿದ್ದರು. ಉಡಬಹುದಾದ ಸೀರೆಯನ್ನು ಯಾರೂ ನೇರ ಒರೆಸುವ ಬಟ್ಟೆಗೆ ಹರಿಯುತ್ತಿರಲಿಲ್ಲ. ಪ್ಯಾನೆಲ್‌ಗೂ ಮೊದಲು ದುರಸ್ತಿ, ಆಮೇಲೆ ಎರಡನೇ ಮನೆ, ಕಡೆಗೆ ಕರಗಿಸುವ ಘಟಕ.

ಇದು ನಾಳೆಯ ಮಾತೂ ಅಲ್ಲ. ದೇಶದಲ್ಲಿ 2022-23ರ ಹೊತ್ತಿಗೇ ಸುಮಾರು 1 ಲಕ್ಷ ಟನ್ ಸೋಲಾರ್ ತ್ಯಾಜ್ಯ ಇತ್ತೆಂದು ಅಧ್ಯಯನವೊಂದು ಅಂದಾಜಿಸಿದೆ. ಹೆಚ್ಚು ತ್ಯಾಜ್ಯ ಹುಟ್ಟುವ ಐದು ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಪ್ಯಾನೆಲ್‌ಗಳು ನಿಂತಿವೆ, ರೈತರು ಗುತ್ತಿಗೆಗೆ ಕೊಟ್ಟ ನೆಲದ ಮೇಲೆ. ಅವು ಇಳಿಯುವ ದಿನ ಆ ನೆಲದಲ್ಲಿ ಗಾಜಿನ ಚೂರು ಉಳಿಯಬಾರದು. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳು ಪ್ಯಾನೆಲ್‌ಗಳನ್ನೂ ಒಳಗೊಂಡಿವೆ. ತ್ಯಾಜ್ಯವನ್ನು 2034-35ರವರೆಗೆ ಸುರಕ್ಷಿತವಾಗಿ ಕೂಡಿಡುವುದು ಉತ್ಪಾದಕರ ಹೊಣೆ. ಕೂಡಿಟ್ಟದ್ದರಲ್ಲಿ ಇನ್ನೂ ದುಡಿಯಬಲ್ಲವನ್ನು ಆರಿಸಿ, ಪರೀಕ್ಷಿಸಿ, ಮೊಹರು ಹಾಕಿ ಮಾರುವ ವ್ಯವಸ್ಥೆಯನ್ನು ಸರ್ಕಾರ ಈಗಲೇ ಕಟ್ಟಬೇಕು.

ನಿಮ್ಮ ಮಾಡಿನ ಮೇಲೂ ಹಳೆಯ ಪ್ಯಾನೆಲ್ ಇದ್ದರೆ ಒಂದು ಬಿಸಿಲಿನ ದಿನ ಒರೆಸಿ, ಮೀಟರ್ ಇಟ್ಟು ನೋಡಿ. ಬೆನ್ನಿನ ಚೀಟಿಯನ್ನು ಮಾತ್ರ ಕೀಳಬೇಡಿ. ವಾಟ್ ಎಷ್ಟು, ವೋಲ್ಟ್ ಎಷ್ಟು, ಮಾಡಿದವರು ಯಾರು ಎಂದು ಮುಂದೆ ಅದನ್ನು ಕೊಳ್ಳುವವರಿಗೆ ಹೇಳುವುದು ಆ ಚೀಟಿಯೇ.