ಈಯುವ ಮುಂಚಿನ ಮೂರು ವಾರ, ಈದ ಮೇಲಿನ ಮೂರು ವಾರ

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಊರಿನಲ್ಲಿ ಒಂದು ದನದ ಹಿಂಡಿದೆ. ಮನೆಮಾತು ಕನ್ನಡವಾಗಿರುವ ಒಕ್ಕಲಿಗ ಕಪ್ಪಿಲಿಯರು ಅದನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದಿದ್ದಾರೆ. 1906ರ ಮಧುರಾ ಜಿಲ್ಲಾ ಗೆಜೆಟಿಯರಿನಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಅದರ ಕನ್ನಡ ಹೆಸರನ್ನೂ ದಾಖಲಿಸಿದ್ದಾರೆ: ‘ದೇವರು ಆವು’. ತಮಿಳಿನಲ್ಲಿ ತಂಬಿರಾನ್ ಮಾಡು. ಪಟ್ಟದ ಹೋರಿ ಸತ್ತರೆ ಹಿಂಡಿನ ಮುಂದೆ ಕಬ್ಬು ಇಡುತ್ತಾರೆ. ಮೊದಲು ಬಾಯಿ ಹಾಕಿದ ಹೋರಿಗೆ ಪಟ್ಟ. ಇಂಥ ನಾಟಿ ಹಸುಗಳು ಕರುವಿಗೆ ಬೇಕಾದಷ್ಟು ಹಾಲಿಳಿಸುತ್ತವೆ, ಹೆಚ್ಚೇನಿಲ್ಲ. ಈದ ಮೇಲೆ ಏಳಲಾರದೆ ಮಲಗುವ ಕಾಯಿಲೆ ಅವುಗಳಲ್ಲಿ ಅಪರೂಪ.

ಆದರೆ ಕಂಬಂ ಕಣಿವೆಯಿಂದ ದಿಂಡಿಗಲ್‌ವರೆಗಿನ ಕೊಟ್ಟಿಗೆಗಳಲ್ಲಿ ಡೇರಿಗೆ ಹಾಲು ತುಂಬುವುದು ಜರ್ಸಿ ಮಿಶ್ರತಳಿ. ಜರ್ಸಿ ರಕ್ತದ ಹಸುಗಳಿಗೆ, ಅದರಲ್ಲೂ ಮೂರನೆಯ ಸೂಲು ದಾಟಿದವಕ್ಕೆ, ಹಾಲುಜ್ವರವೆಂಬ ಈ ಕಾಯಿಲೆಯ ಕಾಟ ಜಾಸ್ತಿ. ಯಾಕೆಂದು ಲೆಕ್ಕ ಹಾಕಿ ನೋಡಿ. ಹಸುವಿನ ರಕ್ತದ್ರವದಲ್ಲಿರುವ ಕ್ಯಾಲ್ಸಿಯಂ ಒಟ್ಟು ಸುಮಾರು 3 ಗ್ರಾಂ. ಒಂದು ಲೀಟರ್ ಗಿಣ್ಣುಹಾಲಿನಲ್ಲಿ ಸುಮಾರು 2 ಗ್ರಾಂ ಹೋಗುತ್ತದೆ. ಮೊದಲ ದಿನ 10 ಲೀಟರ್ ಕರೆದರೆ 20 ಗ್ರಾಂ! ಅಷ್ಟನ್ನೂ ಮೂಳೆಯಿಂದ, ಕರುಳಿನಿಂದ ಆಗಿಂದಾಗ್ಗೆ ಎಳೆದು ತರಬೇಕು. ತರುವುದು ತಡವಾದರೆ ಸ್ನಾಯುಗಳು ಸೋಲುತ್ತವೆ, ಕಿವಿ ತಣ್ಣಗಾಗುತ್ತದೆ, ಹಸು ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗುತ್ತದೆ. 1900ರ ಆಸುಪಾಸಿನಲ್ಲಿ ಡೆನ್ಮಾರ್ಕಿನ ಪಶುವೈದ್ಯರು ಇಂಥ ಹಸುವಿನ ಕೆಚ್ಚಲಿಗೆ ಗಾಳಿ ತುಂಬಿ ಎಬ್ಬಿಸುತ್ತಿದ್ದರು. ಕೆಚ್ಚಲು ಬಿಗಿದು ಹಾಲಿಳಿಯುವುದು ನಿಂತರೆ ಕ್ಯಾಲ್ಸಿಯಂ ಸೋರುವುದೂ ನಿಲ್ಲುತ್ತದೆ. ಚಿಕಿತ್ಸೆ ಫಲಿಸುತ್ತಿತ್ತು, ಕಾರಣ ಗೊತ್ತಿರಲಿಲ್ಲ. ಕೊರತೆ ಕ್ಯಾಲ್ಸಿಯಂನದು ಎಂದು ಸ್ಕಾಟ್ಲೆಂಡಿನ ವಿಜ್ಞಾನಿಗಳಾದ ಡ್ರೈಯರ್ ಮತ್ತು ಗ್ರೇಗ್ ಹೇಳಿದ್ದು 1925ರಲ್ಲಿ.

ಹಾಗಾದರೆ ತುಂಬುಗಬ್ಬದಲ್ಲೇ ಕ್ಯಾಲ್ಸಿಯಂ ಟಾನಿಕ್ ಕುಡಿಸಿಬಿಡೋಣ ಎಂದು ಬಹಳ ಜನ ಹೊರಡುತ್ತಾರೆ. ಅದೇ ತಪ್ಪು. ಬಾಯಿಂದಲೇ ಬೇಕಾದಷ್ಟು ಸಿಗುತ್ತಿದ್ದರೆ ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುವ ಹಾರ್ಮೋನಿಗೆ ಕೆಲಸವಿಲ್ಲ. ಈದ ದಿನ ಅದು ಎಚ್ಚರಗೊಳ್ಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಪೊಟ್ಯಾಸಿಯಂ ಇನ್ನೊಂದು ಉಪದ್ರವ. ಮುಲ್ಲೈಪೆರಿಯಾರ್ ಅಣೆಕಟ್ಟಿನ ನೀರುಂಡು, ಗೊಬ್ಬರ ಕಂಡು ಬೆಳೆದ ನೇಪಿಯರ್ ಹುಲ್ಲಿನಲ್ಲಿ ಅದು ಧಾರಾಳ. ಹೆಚ್ಚಾದರೆ ರಕ್ತ ಕ್ಷಾರದ ಕಡೆಗೆ ವಾಲಿ, ಆ ಹಾರ್ಮೋನಿನ ಮಾತು ಮೂಳೆಗೆ ಸರಿಯಾಗಿ ಕೇಳುವುದಿಲ್ಲ. ಕೊನೆಯ ಮೂರು ವಾರ ಹಸಿಹುಲ್ಲು ಇಳಿಸಿ ಒಣಹುಲ್ಲು ಏರಿಸಿ, ಜತೆಗೆ ಮಿತವಾಗಿ ಹಿಂಡಿ ಕೊಡುವುದು ಸರಿಯಾದ ದಾರಿ. ಕ್ಯಾಲ್ಸಿಯಂ ಕುಡಿಸುವುದಿದ್ದರೆ ಈದ ಕೂಡಲೇ ಕುಡಿಸಿ.

ಕೀಟೋಸಿಸ್ ಎಂಬ ಇನ್ನೊಂದು ಕಾಯಿಲೆ ಹಾಲುಜ್ವರಕ್ಕಿಂತ ಮೆಲ್ಲಗೆ ಬರುತ್ತದೆ. ಒಂದು ಲೀಟರ್ ಹಾಲಿಗೆ ಸುಮಾರು 70 ಗ್ರಾಂ ಗ್ಲುಕೋಸ್ ಬೇಕು. 15 ಲೀಟರ್ ಕೊಡುವ ಹಸುವಿಗೆ ದಿನಕ್ಕೆ ಒಂದು ಕಿಲೋ ಮೀರಿ. ಮೆಲುಕು ಹಾಕುವ ಪ್ರಾಣಿಗೆ ಮೇವಿನಿಂದ ನೇರ ಸಿಗುವ ಗ್ಲುಕೋಸ್ ತೀರಾ ಕಡಿಮೆ, ಬಹುಪಾಲನ್ನು ಯಕೃತ್ತೇ ತಯಾರಿಸಬೇಕು. ಈಯುವ ಹೊತ್ತಿಗೆ ಹಸಿವೂ ಇಂಗಿರುತ್ತದೆ. ಆಗ ಮೈಯ ಕೊಬ್ಬೆಂಬ ಇಡುಗಂಟು ಕರಗುತ್ತದೆ. ಯಕೃತ್ತು ತಾಳುವಷ್ಟು ಕರಗಿದರೆ ಚಿಂತೆಯಿಲ್ಲ, ಮೀರಿದರೆ ಕೊಬ್ಬು ಯಕೃತ್ತಿನಲ್ಲೇ ತುಂಬಿ, ರಕ್ತದಲ್ಲಿ ಕೀಟೋನ್ ಏರುತ್ತದೆ. ಲೀಟರಿಗೆ 1.2 ಮಿಲಿಮೋಲ್ ದಾಟಿತೆಂದರೆ ಹೊರಗೆ ಏನೂ ಕಾಣದಿದ್ದರೂ ಕಾಯಿಲೆ ಶುರುವಾಗಿದೆ ಎಂದೇ ಅರ್ಥ. ಆಮೇಲೆ ಹಸು ಹಿಂಡಿ ಬಿಟ್ಟು ಬರೀ ಹುಲ್ಲು ಜಗಿಯುತ್ತದೆ, ಉಸಿರಿಗೆ ಸಿಹಿ ನಾತ ಬರುತ್ತದೆ, ಹಾಲು ಇಳಿಯುತ್ತದೆ. ಬತ್ತಿದ ಕಾಲದಲ್ಲಿ ಮುದ್ದಿನಿಂದ ಕೊಬ್ಬಿಸಿದ ಹಸುವೇ ಇದಕ್ಕೆ ಮೊದಲ ಬಲಿ. ಈಯುವಾಗ ಹಸು ಮಟ್ಟಸವಾಗಿರಬೇಕು, ಬೊಜ್ಜು ಬೇಡ.

ಈದ ಹಸು ಏಳಲಾರದಿದ್ದರೆ ನಾಳೆವರೆಗೆ ಕಾಯಬೇಡಿ, ಪಶುವೈದ್ಯರನ್ನು ಕರೆಸಿ. ಬಾಯಿಗೆ ಏನನ್ನೂ ಹೊಯ್ಯಬೇಡಿ. ನುಂಗಲಾಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕ್ಯಾಲ್ಸಿಯಂ ಬಾಟಲಿಯನ್ನು ನೀವೇ ನರಕ್ಕೆ ಏರಿಸಲೂ ಹೋಗಬೇಡಿ. ರಭಸವಾಗಿ ಹರಿದರೆ ಅದು ಹೃದಯವನ್ನೇ ನಿಲ್ಲಿಸುತ್ತದೆ.