ಊರು ಬಿಟ್ಟು ಊರು ಸೇರಿದವರು

ಬಾಡಿಗೆ ಮನೆ ಬದಲಾಯಿಸುವ ಕಷ್ಟ ನಮಗೆಲ್ಲ ಗೊತ್ತು. ಹೊಸ ಮನೆಯಲ್ಲಿ ಹಾಲುಕ್ಕಿಸಿದ ಮೇಲೂ ಎಂಟು ದಿನ ಸಾಸಿವೆ ಡಬ್ಬಿ ಕೈಗೆ ಸಿಗುವುದಿಲ್ಲ. ಇನ್ನು ಇಡೀ ಊರಿಗೆ ಊರೇ ಎದ್ದು ಹೋಗಬೇಕಾದರೆ?

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಕಡಲ ನಡುವೆ ಸೇಂಟ್ ಕಿಲ್ಡಾ ಎಂಬ ದ್ವೀಪವಿದೆ. ಕಡಲಹಕ್ಕಿ, ಮೀನು, ಕುರಿ, ಇವೇ ಅಲ್ಲಿಯವರ ಬದುಕಾಗಿತ್ತು. ದುಡಿಯುವ ಕೈಗಳು ಕಡಿಮೆಯಾಗಿ, ಕೊನೆಗೆ ತಮ್ಮನ್ನು ಕರೆದೊಯ್ಯಿರೆಂದು ಅವರೇ ಸರ್ಕಾರಕ್ಕೆ ಅರ್ಜಿ ಕೊಟ್ಟರು. 1930ರ ಆಗಸ್ಟ್ 29ರಂದು ಉಳಿದಿದ್ದ 36 ಜನ ಹಡಗು ಹತ್ತಿದರು. ಹೊರಡುವ ಮುಂಚೆ ಮನೆಮನೆಯಲ್ಲೂ ಬೈಬಲ್ ತೆರೆದಿಟ್ಟು, ಒಂದು ಹಿಡಿ ಓಟ್ಸ್ ಕಾಳು ಇಟ್ಟು ಬಂದರಂತೆ. ಆಮೇಲೆ ಹಲವು ಗಂಡಸರಿಗೆ ಸಿಕ್ಕ ಕೆಲಸ ಯಾವುದು ಗೊತ್ತೆ? ಅರಣ್ಯದ ಕೆಲಸ! ಅವರ ದ್ವೀಪದಲ್ಲೋ ಮರಗಳೇ ಇರಲಿಲ್ಲ.

ಇದನ್ನು ಓದಿದಾಗ ನನಗೆ ನಮ್ಮ ಹುಣಸೂರು ತಾಲ್ಲೂಕಿನ ನಾಗಾಪುರ ನೆನಪಾಯಿತು. ಇಲ್ಲಿ ಕಥೆ ಉಲ್ಟಾ. ನಾಗರಹೊಳೆ ಕಾಡಿನ ಹಾಡಿಗಳಲ್ಲಿದ್ದ ಜೇನುಕುರುಬರನ್ನು ತೊಂಬತ್ತರ ದಶಕದ ಕೊನೆಯಿಂದ ಇಲ್ಲಿಗೆ ಕರೆತಂದರು. ಹುಲಿ, ಆನೆಗಳಿಗೆ ಕಾಡು ಉಳಿಯಬೇಕೆಂಬುದು ಕಾರಣ. ಮನೆ ಕೊಟ್ಟರು, ಜಮೀನು ಕೊಟ್ಟರು. ಶಾಲೆ, ರಸ್ತೆ ಹತ್ತಿರವಾದವು. ಒಳ್ಳೆಯದೇ. ಆದರೆ ಜೇನು ಕೀಳುವ ಕೈಗೆ ನೇಗಿಲು ಕೊಟ್ಟರೆ ಬೇಸಾಯ ಒಂದೇ ದಿನಕ್ಕೆ ಬಂದೀತೆ? ಹಲವರು ಕೂಲಿಗೆಂದು ಕೊಡಗಿನ ಕಾಫಿ ತೋಟಗಳ ದಾರಿ ಹಿಡಿದರು.

ಕಾಡು ಬಿಟ್ಟು ಬಂದ ಹೆಂಗಸೊಬ್ಬಳು ನಮ್ಮ ಬೀದಿಗೆ ಕೆಲಸಕ್ಕೆ ಬರುತ್ತಿದ್ದಳು. ಒಂದು ದಿನ ಹೇಳಿದಳು: "ಅಕ್ಕಾ, ಯಾವ ತಿಂಗಳಲ್ಲಿ ಗೆಣಸು ಎಲ್ಲಿ ಸಿಗ್ತದೆ, ಅಣಬೆ ಎಲ್ಲಿ ಏಳ್ತದೆ, ಎಲ್ಲ ನಂಗೆ ಗೊತ್ತಿತ್ತು. ಇಲ್ಲಿ ಸೊಪ್ಪಿಗೂ ಕಾಸು ಕೊಡಬೇಕು." ಕೇಳಿ ನನಗೆ ಮಾತೇ ಹೊರಡಲಿಲ್ಲ. ಅವಳು ಮನೆ ಮಾತ್ರ ಬಿಟ್ಟು ಬಂದಿರಲಿಲ್ಲ, ಅವಳ ಜಾಣತನವೂ ಅಲ್ಲೇ ಉಳಿದುಹೋಗಿತ್ತು.

2025ರ ಮೇ ತಿಂಗಳಲ್ಲಿ, ಹಿಂದೆ ಕಾಡು ಬಿಟ್ಟಿದ್ದ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಹಾಡಿಯ ಜಾಗಕ್ಕೆ ತಿರುಗಿ ಬಂದು ಗುಡಿಸಲು ಹಾಕಿದವು. ನೆಲದ ನಂಟು ಅಷ್ಟು ಸುಲಭಕ್ಕೆ ಬಿಡುವುದಲ್ಲ ನೋಡಿ.

ಊರು ಬದಲಾಯಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಬೇಕೋ ಬೇಡವೋ ಎಂದು ಮೊದಲು ಅವರನ್ನೇ ಕೇಳಬೇಕು. ಒಲೆ ಹೂಡುವ ಹೆಂಗಸರನ್ನಂತೂ ಕೇಳಲೇಬೇಕು. ಸರ್ಕಾರದ ಮಾತು ದೊಡ್ಡದಾಯಿತು, ನಮ್ಮ ಕೈಯಲ್ಲಾಗುವುದೂ ಒಂದಿದೆ. ಇಂಥವರು ಸಂತೆಗೆ ಬೆರಕೆ ಸೊಪ್ಪು, ಜೇನು ತಂದರೆ ಚೌಕಾಸಿ ಮಾಡಬೇಡಿ. ಆ ಸೊಪ್ಪಿನ ಹೆಸರು ಕೇಳಿ, ಹೇಗೆ ಬೇಯಿಸುವುದೆಂದು ಕೇಳಿ ಕಲಿಯಿರಿ. ಅವಳಿಗೆ ಗೊತ್ತಿರುವುದಕ್ಕೆ ಇಲ್ಲೂ ಬೆಲೆಯಿದೆ ಅಂತಾದರೆ, ಹೊಸ ಊರು ಸ್ವಲ್ಪವಾದರೂ ತನ್ನದು ಅನ್ನಿಸೀತು. ಏನಂತೀರಿ?